ಪಂಕ್ಚರ್ ಅಲ್ಲ, ಗಾಳಿ ಹೋಗಿದೆ

ವಾಕ್ಯಭಾಗ: ಅಪೊಸ್ತಲರ ಕೃತ್ಯಗಳು 4:23-31



ಸ್ಕೂಲಿಗೆ ಸೈಕಲ್ಲಲ್ಲಿ ಹೋಗ್ತಿದ್ದವರು ಕೈ ಎತ್ತಿ. ಈಗ? ಮೆಟ್ರೋ, ಕ್ಯಾಬ್, ಅಲ್ವಾ? ಎಷ್ಟೋ ವರ್ಷ ಆದ್ಮೇಲೆ ಮೆಟ್ಟಿಲ ಕೆಳಗಿನ ಸೈಕಲ್ ಹೊರಗೆ ತೆಗೀತೀರಿ. ಟೈರ್ ಮೆತ್ತಗಾಗಿದೆ. ಅಂಗಡಿಯವನು ಟ್ಯೂಬನ್ನ ನೀರಲ್ಲಿ ಅದ್ದಿ ನೋಡ್ತಾನೆ. ಎಷ್ಟೋ ಸಲ ಒಂದು ಗುಳ್ಳೆಯೂ ಬರಲ್ಲ. ಪಂಕ್ಚರ್ ಇಲ್ಲ! ರಬ್ಬರಿನ ಮೂಲಕ ಗಾಳಿ ದಿನಾ ಸ್ವಲ್ಪ ಸ್ವಲ್ಪ ಹೋಗ್ತಾನೇ ಇರುತ್ತೆ, ಸೈಕಲ್ ಸುಮ್ಮನೆ ನಿಂತಿದ್ದರೂ.

"ಪಾಸ್ಟರ್, ದೊಡ್ಡ ಪಾಪ ಏನೂ ಮಾಡಿಲ್ಲ, ಆದರೆ ಪ್ರಾರ್ಥನೆಗೆ ಕೂತ್ರೆ ಒಳಗೆಲ್ಲ ಖಾಲಿ" ಅಂತ ಯೌವನಸ್ಥರು ಹೇಳ್ತಾರೆ. ಪಂಕ್ಚರ್ ಇದ್ದರೆ ಮುಚ್ಚಿಡಬೇಡಿ, ದೇವರ ಮುಂದೆ ಅರಿಕೆ ಮಾಡಿ. ಆದರೆ ಎಷ್ಟೋ ಜನಕ್ಕೆ ಆಗಿರೋದು ಅದಲ್ಲ. ಬಿದ್ದಿಲ್ಲ, ನಿಂತುಬಿಟ್ಟಿದ್ದೀರಿ. ಗಾಳಿ ಹೋಗಿದೆ.

ಹೊಸ ಒಡಂಬಡಿಕೆಯ ಗ್ರೀಕ್ ಭಾಷೆಯಲ್ಲಿ ಆತ್ಮಕ್ಕೆ 'ಪ್ನ್ಯೂಮಾ' ಅಂತಾರೆ. ಗಾಳಿ, ಉಸಿರು ಅನ್ನೋದಕ್ಕೂ ಅದೇ ಪದ. ಗಾಳಿ ತುಂಬಿದ ಟೈರಿಗೆ 'ನ್ಯೂಮ್ಯಾಟಿಕ್' ಅನ್ನೋ ಹೆಸರು ಬಂದದ್ದೂ ಅಲ್ಲಿಂದಲೇ. ಹಲ್ಲೆಲೂಯಾ!

ಈಗ ವಾಕ್ಯ ನೋಡಿ. 2ನೇ ಅಧ್ಯಾಯದಲ್ಲಿ ಪೇತ್ರ, ಯೋಹಾನರು ಪವಿತ್ರಾತ್ಮಭರಿತರಾದರು. 4ನೇ ಅಧ್ಯಾಯದಲ್ಲಿ ಹಿರೀಸಭೆ ಅವರನ್ನು ಬೆದರಿಸಿ ಕಳಿಸಿತು. ಅವರು ತಮ್ಮವರ ಬಳಿಗೆ ಬಂದು ಒಟ್ಟಾಗಿ ಪ್ರಾರ್ಥಿಸಿದರು, ಆ ಸ್ಥಳ ನಡುಗಿತು, ಎಲ್ಲರೂ ತುಂಬಿಸಲ್ಪಟ್ಟರು. ಅದೇ ಪೇತ್ರ, ಅದೇ ಯೋಹಾನ! "ಪಂಚಾಶತ್ತಮದ ದಿನವೇ ಆಯ್ತಲ್ಲ" ಅಂತ ಯಾರೂ ಅನ್ನಲಿಲ್ಲ. ಅಪೊಸ್ತಲರಿಗೇ ಮತ್ತೆ ತುಂಬಿಸಲ್ಪಡುವ ಅಗತ್ಯ ಇತ್ತು ಅಂದಮೇಲೆ, ನಿಮಗೇಕೆ ನಾಚಿಕೆ?

ಗಾಳಿ ತುಂಬಿಸಿ ಹತ್ತಿದ್ರಿ ಅಂತಿಟ್ಟುಕೊಳ್ಳಿ. ದೇಹ ಬ್ಯಾಲೆನ್ಸ್ ಮರೆತಿಲ್ಲ, ಆದರೆ ಕಾಲಲ್ಲಿ ಹಳೇ ಬಲ ಇಲ್ಲ. ಮೊದಲ ದಿನವೇ ಬೆಂಗಳೂರಿಂದ ಸುಮಾರು 60 ಕಿಲೋಮೀಟರ್ ದೂರದ ನಂದಿಬೆಟ್ಟಕ್ಕೆ ಹೊರಟವನ ಸೈಕಲ್ ಮರುದಿನ ಮತ್ತೆ ಮೆಟ್ಟಿಲ ಕೆಳಗೆ! ಲೇಔಟಲ್ಲೇ ಎರಡು ರೌಂಡ್ ಹೊಡೆಯಿರಿ, ಸಾಕು. ಹಾಗೇ, ಬಹಳ ದಿನದ ಮೇಲೆ ಬಂದವರು ಮೂರು ದಿನದ ಉಪವಾಸಕ್ಕೆ ಹಾರಬೇಡಿ. ಬೆಳಗ್ಗೆ ಹತ್ತು ನಿಮಿಷ, ಒಂದು ಕೀರ್ತನೆ. ನಾಳೆ ಮತ್ತೆ.

"ಮನಸ್ಸು ಬರಲಿ, ಆಮೇಲೆ ಪ್ರಾರ್ಥಿಸ್ತೀನಿ" ಅಂತ ಕಾಯಬೇಡಿ. ಚಕ್ರ ಉರುಳಿದ್ರೆ ತಾನೇ ಬ್ಯಾಲೆನ್ಸ್ ಸಿಗೋದು?

ಎದ್ದು ನಿಲ್ಲೋಣ. ಕರ್ತನೇ, ನಿಂತುಹೋದ ನಿನ್ನ ಮಕ್ಕಳನ್ನು ನಿನ್ನ ಆತ್ಮದಿಂದ ಮತ್ತೆ ತುಂಬಿಸು. ಯೇಸುವಿನ ನಾಮದಲ್ಲಿ, ಆಮೆನ್.