ಸೋರಿಕೆಯ ಸಾಕ್ಷಿ

ಹಳೆಯ ಕಾರನ್ನು ಮಾರಲು ನಿಶ್ಚಯಿಸಿದ್ದೆ. ಅದರ ವಾಟರ್ ಪಂಪಿನ ಅಡಿಯ ಸಣ್ಣ ರಂಧ್ರದಿಂದ ಕೂಲೆಂಟ್ ತೊಟ್ಟಿಕ್ಕುತ್ತಿತ್ತು. ಅಂಟು ಮೆತ್ತಿ ಮುಚ್ಚಿಬಿಟ್ಟರೆ ಕೊಳ್ಳುವವರಿಗೆ ತಿಳಿಯದು ಎಂಬ ಯೋಚನೆ ಮನದಲ್ಲಿ ಸುಳಿಯಿತು.

ಆದರೆ ಆ ರಂಧ್ರ ದೋಷವಲ್ಲ, ದೋಷದ ಸಾಕ್ಷಿ. ಒಳಗಿನ ಸೀಲು ಸವೆದಾಗ ದ್ರವವು ಬೇರಿಂಗನ್ನು ಕೆಡಿಸದೆ ಹೊರಬರಲೆಂದೇ ಅದನ್ನು ಇರಿಸಲಾಗಿದೆ. ಮುಚ್ಚಿದರೆ ಸೋರಿಕೆ ನಿಲ್ಲದು, ಒಳಮುಖವಾಗುತ್ತದೆ. ಮುಂದೊಂದು ದಿನ ಬೇರಿಂಗ್ ಬಿಗಿದು, ಎಂಜಿನ್ ಕುದಿದು, ಅಪರಿಚಿತ ಕುಟುಂಬವೊಂದು ನಡುದಾರಿಯಲ್ಲಿ ನಿಲ್ಲಬೇಕಾದೀತು.

ಎಂಜಿನ್ ತಣಿದ ಮೇಲೆ ಕೂಲೆಂಟ್ ಬಸಿದು, ಹಳೆಯ ಗ್ಯಾಸ್ಕೆಟ್ಟನ್ನು ಕೆರೆದು ತೆಗೆದು, ಮನೆಯಂಗಳದಲ್ಲಿಯೇ ಹೊಸ ಪಂಪನ್ನು ಕೂರಿಸಿದೆ. ಶನಿವಾರವಿಡೀ ಅದರಲ್ಲಿಯೇ ಕಳೆಯಿತು, ಮನಸ್ಸು ಹಗುರಾಯಿತು.

ನಮ್ಮ ತಪ್ಪನ್ನು ತೋರುವ ಮಿತ್ರನ ಬಾಯಿ ಮುಚ್ಚಿಸಿ, ಅದನ್ನೇ ದುರಸ್ತಿ ಎಂದು ನಾವು ಎಷ್ಟು ಬಾರಿ ನಂಬಿಲ್ಲ?