ಸಹಿಯ ಹಿಂದಿನ ಋಣ

ವಿಮಾನವನ್ನೇರಿ ಕುಳಿತವರು ತಮ್ಮ ಪ್ರಾಣ ಪೈಲಟನ ಕೈಯಲ್ಲಿದೆಯೆಂದು ಭಾವಿಸುತ್ತಾರೆ. ಅದು ನಿಜವೇ. ಆದರೆ ಆ ಪೈಲಟನೂ ತನ್ನ ಪ್ರಾಣವನ್ನು ಮತ್ತೊಬ್ಬನ ಕೈಗೊಪ್ಪಿಸಿ ಬಂದಿರುತ್ತಾನೆ. ವಿಮಾನವನ್ನು ಪರೀಕ್ಷಿಸಿ, ದುರಸ್ತಿ ಮಾಡಿ, 'ಇದು ಹಾರಾಟಕ್ಕೆ ಯೋಗ್ಯ' ಎಂದು ದಾಖಲೆಗೆ ಸಹಿ ಹಾಕಿದ ನಿರ್ವಹಣಾ ಎಂಜಿನಿಯರನ ಕೈ ಅದು. ಆ ಸಹಿ ಹಾಕುವ ಅಧಿಕಾರ ಇಂದು ನನಗಿದೆ. ಆದರೆ ಆ ಸಹಿ ನನ್ನೊಬ್ಬನದೇ ಎಂದು ಹೇಳಿಕೊಳ್ಳುವ ಧೈರ್ಯ ನನಗಿಲ್ಲ. ಪಡೆದವನು ಕೊಟ್ಟವರಿಗೆ ಏನನ್ನು ಸಲ್ಲಿಸಬೇಕು ಎಂಬ ಪ್ರಶ್ನೆ ಪ್ರತಿ ಸಹಿಯೊಂದಿಗೂ ನನ್ನೆದುರು ಬಂದು ನಿಲ್ಲುತ್ತದೆ.

ನನ್ನ ತಂದೆ ಹಾಸನ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ ದರ್ಜಿ. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತಗಳನ್ನು ಓದಿದ್ದ ನನಗೆ ವಿಮಾನ ನಿರ್ವಹಣೆಯ ತರಬೇತಿ ಪಡೆಯುವ ಆಸೆ. ಆದರೆ ಅದಕ್ಕೆ ಬೇಕಾಗಿದ್ದದ್ದು ಲಕ್ಷಗಳ ಲೆಕ್ಕದ ಹಣ. ನಮ್ಮ ಮನೆಯಲ್ಲಿದ್ದದ್ದು ಒಂದು ಹೊಲಿಗೆ ಯಂತ್ರ. ಆಗ ನಿವೃತ್ತ ಶಿಕ್ಷಕಿಯೊಬ್ಬರು ತಮ್ಮ ದಿವಂಗತ ಪತಿಯ ನೆನಪಿನಲ್ಲಿ ಪ್ರತಿ ವರ್ಷ ಒಬ್ಬ ವಿದ್ಯಾರ್ಥಿಗೆ ನೀಡುತ್ತಿದ್ದ ವಿದ್ಯಾರ್ಥಿವೇತನ ನನಗೆ ದೊರೆಯಿತು. ಶುಲ್ಕದ ಬಹುಪಾಲು ಅದರಿಂದಲೇ ನೀಗಿತು.

ಈ ವೃತ್ತಿಯ ದಾರಿ ಉದ್ದವಾದುದು. ಎಂಜಿನ್ ಮತ್ತು ಯಾಂತ್ರಿಕ ಭಾಗಗಳನ್ನು ನೋಡಿಕೊಳ್ಳುವವರಿಗೆ ಬಿ1, ವಿದ್ಯುತ್ ಹಾಗೂ ಎಲೆಕ್ಟ್ರಾನಿಕ್ ವ್ಯವಸ್ಥೆಗಳವರಿಗೆ ಬಿ2 ಎಂಬ ವರ್ಗಗಳ ಲೈಸೆನ್ಸುಗಳಿವೆ. ವಿಷಯವಾರು ಪರೀಕ್ಷೆಗಳನ್ನು ಮುಗಿಸಿ, ನಿಜವಾದ ವಿಮಾನಗಳ ಮೇಲೆ ಕೆಲಸದ ಅನುಭವ ಗಳಿಸಿದ ಬಳಿಕವೇ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಲೈಸೆನ್ಸ್ ನೀಡುತ್ತದೆ. ಆ ಮೇಲೂ ಆಯಾ ಮಾದರಿಯ ವಿಮಾನಕ್ಕೆ ಪ್ರತ್ಯೇಕ ಅರ್ಹತೆ ಬೇಕು. ಪರೀಕ್ಷೆಯ ವಿಷಯಗಳಲ್ಲಿ ಮಾನವ ಸಹಜ ದೌರ್ಬಲ್ಯಗಳದೂ ಒಂದು. ದಣಿವು, ಅವಸರ, ಅತಿಯಾದ ಆತ್ಮವಿಶ್ವಾಸ ಇವು ಒಳ್ಳೆಯ ಕೆಲಸಗಾರನನ್ನೂ ಹೇಗೆ ತಪ್ಪಿಗೆಳೆಯುತ್ತವೆ ಎಂಬುದನ್ನು ಅಲ್ಲಿ ಕಲಿಯುತ್ತೇವೆ.

ನಮಗೆ ಹೇಳಿಕೊಡುವ ಪಾಠಗಳಲ್ಲಿ 1990ರ ಜೂನ್ 10ರ ಘಟನೆಯೊಂದಿದೆ. ಬರ್ಮಿಂಗ್‌ಹ್ಯಾಮ್‌ನಿಂದ ಸ್ಪೇನಿನ ಮಲಗಾಕ್ಕೆ ಹೊರಟ ವಿಮಾನದ ಮುಂಗಾಜು ಆಕಾಶದಲ್ಲಿ ಕಿತ್ತುಹೋಯಿತು. ಕ್ಯಾಪ್ಟನ್ ಅರ್ಧ ದೇಹ ಹೊರಗೆ ಸೆಳೆಯಲ್ಪಟ್ಟು ನೇತಾಡಿದರು. ಸಿಬ್ಬಂದಿ ಅವರ ಕಾಲುಗಳನ್ನು ಬಿಗಿಯಾಗಿ ಹಿಡಿದುಕೊಂಡರು. ಸಹಪೈಲಟ್ ವಿಮಾನವನ್ನು ಸೌತಾಂಪ್ಟನ್‌ನಲ್ಲಿ ಇಳಿಸಿದರು. ಕ್ಯಾಪ್ಟನ್ ಬದುಕುಳಿದದ್ದು ಅಚ್ಚರಿಯೇ ಸರಿ. ತನಿಖೆಯಲ್ಲಿ ತಿಳಿದುಬಂದದ್ದೇನು? ಹಾರಾಟಕ್ಕೆ 27 ಗಂಟೆಗಳ ಮುಂಚೆ ರಾತ್ರಿ ಪಾಳಿಯಲ್ಲಿ ಆ ಗಾಜನ್ನು ಬದಲಿಸಲಾಗಿತ್ತು. ಅದನ್ನು ಹಿಡಿದಿಟ್ಟಿದ್ದ 90 ಬೋಲ್ಟುಗಳಲ್ಲಿ 84 ಇರಬೇಕಾದುದಕ್ಕಿಂತ ತುಸು ಸಣ್ಣ ವ್ಯಾಸದವು. ಉಳಿದ 6 ಉದ್ದದಲ್ಲಿ ಕಡಿಮೆ. ಕೆಲಸ ಮಾಡಿದಾತ ಪುಸ್ತಕ ತೆರೆದು ನೋಡದೆ, ಹಳೆಯ ಬೋಲ್ಟಿನ ಪಕ್ಕದಲ್ಲಿಟ್ಟು ಕಣ್ಣಳತೆಯಿಂದ ಆರಿಸಿದ್ದ. ಅವನು ಸೋಮಾರಿಯಲ್ಲ, ದುಷ್ಟನೂ ಅಲ್ಲ. ಬೇಗ ಕೆಲಸ ಮುಗಿಸಿಕೊಡಬೇಕೆಂಬ ಶ್ರದ್ಧೆಯುಳ್ಳವನೇ. ಒಳ್ಳೆಯ ಉದ್ದೇಶವಿದ್ದ ಮಾತ್ರಕ್ಕೆ ಕೆಲಸ ಒಳ್ಳೆಯದಾಗುವುದಿಲ್ಲ ಎಂಬ ಸತ್ಯವನ್ನು ಆ ಬೋಲ್ಟುಗಳು ನನಗೆ ಕಲಿಸಿದವು.

ಕಲಿತದ್ದು ಬೇರೆ, ಬಾಳಿದ್ದು ಬೇರೆ. ನಾನಿನ್ನೂ ತರಬೇತಿಯಲ್ಲಿದ್ದಾಗಿನ ಒಂದು ರಾತ್ರಿ ನೆನಪಾಗುತ್ತದೆ. ಹ್ಯಾಂಗರಿನಲ್ಲಿ ಪ್ರತಿ ಉಪಕರಣಕ್ಕೂ ಹಲಗೆಯ ಮೇಲೆ ಅದರದೇ ಆಕಾರದ ಗುರುತಿರುತ್ತದೆ. ಕೆಲಸ ಮುಗಿದಾಗ ಎಲ್ಲ ಗುರುತುಗಳೂ ತುಂಬಿರಬೇಕು. ಆ ರಾತ್ರಿ ಒಂದು ಖಾಲಿಯಿತ್ತು. ಎಂಜಿನ್ನಿನ ಸಂದಿಗಳನ್ನು ನೋಡಲು ಬಳಸುವ ಹಿಡಿಯುಳ್ಳ ಪುಟ್ಟ ಕನ್ನಡಿ ಕಾಣೆಯಾಗಿತ್ತು. ಅದನ್ನು ಕಡೆಯದಾಗಿ ಬಳಸಿದವನು ನಾನೇ. ಬೆಳಗಿನ ಜಾವ ವಿಮಾನ ಹೊರಡಬೇಕು. ಜೊತೆಯಲ್ಲಿದ್ದ ಹಿರಿಯರೊಬ್ಬರು, "ಇಲ್ಲೇ ಎಲ್ಲೋ ಬಿದ್ದಿರುತ್ತೆ ಮಾರಾಯ, ನಾಳೆ ಸಿಗುತ್ತೆ ಬಿಡು" ಎಂದರು.

ಆ ಕ್ಷಣದಲ್ಲಿ ನನ್ನ ಮನಸ್ಸಿನಲ್ಲಿ ಎದ್ದದ್ದು ಪ್ರಯಾಣಿಕರ ಚಿತ್ರವಲ್ಲ. ತಂದೆಯ ಹೊಲಿಗೆ ಯಂತ್ರ, ನನಗಾಗಿ ಹಣ ತೆತ್ತ ಆ ತಾಯಿಯ ಮುಖ. 'ಅಷ್ಟು ಕಷ್ಟಪಟ್ಟು ಓದಿಸಿದರಲ್ಲ, ಈ ಕೆಲಸ ಹೋದರೆ ಅವರಿಗೆ ಏನೆಂದು ಹೇಳಲಿ?' ಎಂಬ ಅಳುಕು. ಇಲ್ಲಿ ಒಂದು ಸೂಕ್ಷ್ಮವನ್ನು ನಾವು ಗಮನಿಸಬೇಕು. ಕೃತಜ್ಞತೆಯೂ ಹೇಡಿತನದ ವೇಷ ತೊಡಬಲ್ಲದು. ಪಡೆದುದನ್ನು ಕಳೆದುಕೊಳ್ಳಬಾರದೆಂಬ ಭಯವನ್ನೇ ನಾವು ಉಪಕಾರ ಸ್ಮರಣೆಯೆಂದು ಭ್ರಮಿಸುತ್ತೇವೆ. ಆದರೆ ಅವರು ಹಣ ಕೊಟ್ಟದ್ದು ನನ್ನ ಕೆಲಸ ಉಳಿಯಲೆಂದೋ, ನಾನು ಕೆಲಸವನ್ನು ಸರಿಯಾಗಿ ಮಾಡಲೆಂದೋ?

ನಾನು ಮೇಲ್ವಿಚಾರಕರಿಗೆ ತಿಳಿಸಿದೆ. ವಿಮಾನವನ್ನು ನಿಲ್ಲಿಸಿ, ಎಂಜಿನ್ನಿನ ಹೊದಿಕೆಗಳನ್ನು ಮತ್ತೆ ತೆರೆದು ಹುಡುಕಿದರು. ಎರಡು ಗಂಟೆ ತಡವಾಯಿತು. ಕೊನೆಗೆ ಕನ್ನಡಿ ಸಿಕ್ಕಿದ್ದು ವಿಮಾನದಲ್ಲಲ್ಲ, ಎಣ್ಣೆ ಒರೆಸುವ ಬಟ್ಟೆಗಳ ಗಂಟಿನಲ್ಲಿ! ನನಗೆ ಲಿಖಿತ ಎಚ್ಚರಿಕೆ ದೊರೆಯಿತು. "ಸುಮ್ಮನೆ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ" ಎಂದು ಕೆಲವರು ನಕ್ಕರು.

ಅವರ ಮಾತು ನನ್ನನ್ನು ಬಹುಕಾಲ ಕಾಡಿತು. ನಿಜ, ಏನೂ ಆಗುತ್ತಿರಲಿಲ್ಲ. ಹಾಗಾದರೆ ನಾನು ಮಾಡಿದ್ದು ವ್ಯರ್ಥವೇ? ಫಲವನ್ನು ನೋಡಿ ಕರ್ಮವನ್ನು ಅಳೆಯುವುದು ಲೋಕದ ರೂಢಿ. ಆದರೆ ಕನ್ನಡಿ ಎಲ್ಲಿದೆಯೆಂದು ಆ ರಾತ್ರಿ ಯಾರಿಗೂ ತಿಳಿದಿರಲಿಲ್ಲ. ತಿಳಿಯದಿರುವಾಗ ತಿಳಿದಂತೆ ಸಹಿ ಹಾಕುವುದು ಸುಳ್ಳು. ಆ ಸುಳ್ಳಿನಿಂದ ಅನಾಹುತವಾಗದಿದ್ದರೂ ಅದು ಸುಳ್ಳೇ. ವಿಮಾನ ಸುರಕ್ಷಿತವಾಗಿ ಇಳಿಯಿತೆಂದು ನನ್ನ ಸಹಿ ಸತ್ಯವಾಗುತ್ತಿರಲಿಲ್ಲ.

ಲೈಸೆನ್ಸ್ ದೊರೆತು ಮೊದಲ ಸಂಬಳ ಕೈಗೆ ಬಂದಾಗ ಒಂದಷ್ಟು ಹಣವನ್ನು ಲಕೋಟೆಯಲ್ಲಿಟ್ಟು ಆ ಹಿರಿಯ ಶಿಕ್ಷಕಿಯ ಮನೆಗೆ ಹೋದೆ. ಅವರು ಲಕೋಟೆಯನ್ನು ಮುಟ್ಟಲಿಲ್ಲ. "ನಾನು ನಿನಗೆ ಸಾಲ ಕೊಟ್ಟಿರಲಿಲ್ಲಪ್ಪ. ಸಾಲವಾಗಿದ್ದರೆ ಬಡ್ಡಿ ಸಮೇತ ಕೇಳುತ್ತಿದ್ದೆ. ಅವತ್ತು ನಿನ್ನ ಜೊತೆ ಇನ್ನೊಬ್ಬ ಹುಡುಗ ಬಂದಿದ್ದನಲ್ಲ, ಅವನನ್ನು ಮರೆಯಬೇಡ" ಎಂದರು.

ನಾನು ಮರೆತೇ ಬಿಟ್ಟಿದ್ದೆ! ಸಂದರ್ಶನಕ್ಕೆ ಕೊನೆಯಲ್ಲಿ ಉಳಿದವರು ನಾವಿಬ್ಬರು. ಅಂಕಗಳಲ್ಲಿ ಅವನೇ ಮುಂದಿದ್ದ, ಮಾತಿನಲ್ಲಿ ನಾನು. ಇದ್ದದ್ದು ಒಂದೇ ವಿದ್ಯಾರ್ಥಿವೇತನ. ಮುಂದೊಮ್ಮೆ ಅವನನ್ನು ಹುಡುಕಿಕೊಂಡು ಹೋದಾಗ ತನ್ನೂರಿನಲ್ಲಿ ನೀರೆತ್ತುವ ಪಂಪುಗಳನ್ನು ರಿಪೇರಿ ಮಾಡುತ್ತಿದ್ದ. ನನ್ನ ಮೇಲೆ ಅವನಿಗೆ ಕೋಪವಿರಲಿಲ್ಲ. "ವಿಮಾನದ ಎಂಜಿನ್ ಹತ್ತಿರದಿಂದ ನೋಡಿದರೆ ಹೇಗಿರುತ್ತೆ?" ಎಂದಷ್ಟೇ ಕೇಳಿದ. ನನ್ನ ಪ್ರತಿಭೆಯಿಂದಲೇ ನಾನು ಮೇಲೆ ಬಂದೆನೆಂಬ ಹೆಮ್ಮೆ ಆ ಪ್ರಶ್ನೆಯ ಮುಂದೆ ಕರಗಿತು.

ರೈಟ್ ಸಹೋದರರ ಹೆಸರನ್ನು ಬಲ್ಲ ನಮ್ಮಲ್ಲಿ ಎಷ್ಟು ಮಂದಿ ಚಾರ್ಲ್ಸ್ ಟೇಲರ್‌ನ ಹೆಸರನ್ನು ಕೇಳಿದ್ದೇವೆ? 1903ರಲ್ಲಿ ಹಾರಿದ ಅವರ ವಿಮಾನದ ಎಂಜಿನನ್ನು ಸುಮಾರು ಆರು ವಾರಗಳಲ್ಲಿ ಕಟ್ಟಿಕೊಟ್ಟ ಮೆಕ್ಯಾನಿಕ್ ಅವನು. ಪ್ರತಿಯೊಬ್ಬರ ಏಳಿಗೆಯ ಹಿಂದೆಯೂ ಹೀಗೆ ಹೆಸರಿಲ್ಲದ ಕೈಗಳಿರುತ್ತವೆ. ನಮಗೆ ಜಾಗ ಬಿಟ್ಟುಕೊಟ್ಟು ಹಿಂದುಳಿದವರೂ ಅವರಲ್ಲಿದ್ದಾರೆ.

ಹಾಗಾದರೆ ಋಣ ತೀರುವುದು ಹೇಗೆ? ಕೊಟ್ಟವರಿಗೆ ಹಿಂದಿರುಗಿಸಿದರೆ ಸಾಲ ತೀರುತ್ತದೆ. ದಾನವಾದರೋ ಮುಂದೆ ಸಾಗಬೇಕಾದ ನೀರು. ಈಗ ನಾವು ಕೆಲವು ಸಹೋದ್ಯೋಗಿಗಳು ಸೇರಿ ವರ್ಷಕ್ಕೊಬ್ಬರ ಪರೀಕ್ಷಾ ಶುಲ್ಕ ಕಟ್ಟುತ್ತೇವೆ. ಅದು ಚಿಕ್ಕ ಕೆಲಸ. ಆಯ್ಕೆಯಾಗದೆ ಹಿಂದಿರುಗುವ ಹುಡುಗನ ಮುಖ ಪ್ರತಿ ವರ್ಷವೂ ನಮ್ಮನ್ನು ನೋಯಿಸುತ್ತದೆ. ನೋಯಿಸಲೇಬೇಕು ಕೂಡ.

ಉಳಿದದ್ದು ನಿತ್ಯದ ಕೆಲಸ. ಯಾರೂ ನೋಡದ ನಡುರಾತ್ರಿ, ಬೋಲ್ಟೊಂದನ್ನು ಬಿಗಿಯುವ ಮುನ್ನ ಪುಸ್ತಕ ತೆರೆದು ಅದರ ಸಂಖ್ಯೆಯನ್ನು ಮತ್ತೊಮ್ಮೆ ನೋಡುತ್ತೇನೆ. ನನ್ನ ಹೆಸರನ್ನೂ ಅರಿಯದವರು ಬೆಳಗಾದರೆ ಆ ವಿಮಾನವನ್ನೇರುತ್ತಾರೆ. ನನ್ನನ್ನರಿಯದೆಯೇ ನನಗೆ ಕೊಟ್ಟವರ ಋಣವನ್ನು, ನಾನರಿಯದ ಅವರಿಗೆ ಸಲ್ಲಿಸುವುದು ಹೀಗೆಯೇ ಎಂದುಕೊಂಡು ಸಹಿ ಹಾಕುತ್ತೇನೆ.