ಕುರ್ಲಾದ ಗೋಡೆಗೆ ಬೂದುಹಸಿರು: ಒಂದು ಮೀಮಾಂಸೆ

ವಿಷಯ ಇಷ್ಟು. ಮುಂಬಯಿಯ ಕುರ್ಲಾದ ಒಂದು ‘ಒನ್ ರೂಮ್ ಕಿಚನ್’ ಮನೆ. ಗಣೇಶ ಚೌತಿಗೋ ದೀಪಾವಳಿಗೋ ಬಣ್ಣ ಹೊಡೆಸಬೇಕಾಗಿದೆ. ಮಾಸಲು ಬೂದುಹಸಿರು ಆದೀತೇ ಎಂಬುದು ಸಂಶಯ. ಆದೀತು, ಆದರೆ ಅಂಗಡಿಯ ಶೇಡ್ ಕಾರ್ಡ್ ನೋಡಿ ಅಲ್ಲ, ಆ ಗೋಡೆಯ ಮೇಲೆ ಬೀಳುವ ಬೆಳಕನ್ನು ನೋಡಿ ಆರಿಸಿದರೆ ಮಾತ್ರ. ಇದು ನಮ್ಮ ಪಕ್ಷ.

ಚಿಕ್ಕ ಕೋಣೆಗೆ ಬಿಳಿಯೇ ಸರಿ, ಬೇರೆ ಬಣ್ಣ ಕೋಣೆಯನ್ನು ಕುಗ್ಗಿಸುತ್ತದೆ ಎಂಬುದು ಮೊದಲ ಆಕ್ಷೇಪ. ಬಿಳಿ ಹೆಚ್ಚು ಬೆಳಕನ್ನು ಹಿಂದಕ್ಕೆ ಕೊಡುತ್ತದೆ, ಒಪ್ಪಿದೆವು. ಆದರೆ ಹಿಂದಕ್ಕೆ ಕೊಡಲು ಮೊದಲು ಬೆಳಕು ಬರಬೇಕಲ್ಲ? ಇಲ್ಲಿನ ಎಷ್ಟೋ ಚಾಳುಗಳಲ್ಲಿ ಕಿಟಕಿ ತೆರೆದರೆ ಕಾಣುವುದು ಆಕಾಶವಲ್ಲ, ಎದುರುಮನೆಯ ಗೋಡೆ. ಆ ಗೋಡೆ ಗುಲಾಬಿಯಾದರೆ ನಿಮ್ಮ ಬಿಳಿಯೂ ಗುಲಾಬಿಯತ್ತ ವಾಲುತ್ತದೆ. ಆಷಾಢದ ಮೋಡ ಕವಿದಾಗ ಅದೇ ಬಿಳಿ ತೊಳೆಯದ ಪಂಚೆಯಂತೆ ಕಾಣುತ್ತದೆ. ಬೂದುಹಸಿರು ಮಂದ ಬೆಳಕಿನಲ್ಲೂ ಒಂದು ಬಣ್ಣವಾಗಿಯೇ ಉಳಿಯುತ್ತದೆ. ಹಾಗೆಂದು ಗಾಢವಾದದ್ದನ್ನು ತರಬಾರದು. ಒಂದು ಶೇಡ್ ಎಷ್ಟು ಬೆಳಕನ್ನು ಹಿಂದಿರುಗಿಸುತ್ತದೆ ಎಂಬ ಅಂಕಿಯನ್ನು ಹಲವು ಕಂಪನಿಗಳು ಕೊಡುತ್ತವೆ; ನೂರಕ್ಕೆ 55ರಿಂದ 65ರ ನಡುವಿನದು ಇಂಥ ಕೋಣೆಗೆ ಒಗ್ಗುತ್ತದೆ. ಛಾವಣಿಗೆ ಮಾತ್ರ ಬಿಳಿಯೇ ಇರಲಿ.

‘ಇದು ಆಸ್ಪತ್ರೆ ಬಣ್ಣ ಮಾರಾಯ್ರೆ!’ ಎನ್ನುವವರು ಎರಡನೆಯವರು. ಈ ಆಕ್ಷೇಪಕ್ಕೆ ಚರಿತ್ರೆಯ ಬಲವಿದೆ. 1914ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಶಸ್ತ್ರವೈದ್ಯ ಹ್ಯಾರಿ ಶರ್ಮನ್ ತನ್ನ ಶಸ್ತ್ರಚಿಕಿತ್ಸಾ ಕೋಣೆಯ ಬಿಳಿಯನ್ನು ತೆಗೆದು ಪಾಲಕ್ ಸೊಪ್ಪಿನಂಥ ಹಸಿರು ಹಾಕಿಸಿದ. ರಕ್ತದ ಕೆಂಪನ್ನೇ ದಿಟ್ಟಿಸಿ ದಣಿದ ಕಣ್ಣು ಬಿಳಿಯತ್ತ ಹೊರಳಿದರೆ ಅಲ್ಲಿ ಹಸಿರು ನೆರಳುಗಳು ತೇಲುತ್ತವೆ, ಪ್ರಖರತೆಯೂ ಚುಚ್ಚುತ್ತದೆ. ಹಸಿರು ಹಿನ್ನೆಲೆಯಲ್ಲಿ ಆ ಕಾಟ ಕಡಿಮೆ. ಅಂದರೆ ಕಣ್ಣಿಗೆ ಬಿಡುವು ಕೊಡಲೆಂದೇ ಬಂದ ಬಣ್ಣವನ್ನು ನಾವು ಕಾಯಿಲೆಯ ಲೆಕ್ಕಕ್ಕೆ ಬರೆದಿದ್ದೇವೆ. ಇನ್ನು ನಮ್ಮ ಸರಕಾರಿ ಆಸ್ಪತ್ರೆ, ಕಚೇರಿಗಳಲ್ಲಿ ಕಂಡು ಬೇಸತ್ತಿದ್ದು ಎದೆಯೆತ್ತರದವರೆಗೆ ಹೊಡೆದ, ಟ್ಯೂಬ್‌ಲೈಟ್ ಹೊಳೆಯುವ ಆಯಿಲ್ ಪೇಂಟಿನ ತಿಳಿಹಸಿರು. ಅಲ್ಲಿ ಅರ್ಧ ಅಪರಾಧ ಹೊಳಪಿನದು. ಹೊಳಪಿಲ್ಲದ ಇಮಲ್ಷನ್‌ನಲ್ಲಿ ಬೂದಿ ಬೆರೆತ ಹಸಿರು ಬೇರೆಯೇ ಜಾತಿ. ಕುರ್ಲಾದವರಿಗೆ ಅದು ಅಪರಿಚಿತವೂ ಅಲ್ಲ. ದಿನಾ ಹತ್ತಿಳಿಯುವ ಮೆಟ್ಟಿಲಿನ ಕೋಟಾ ಕಲ್ಲು ಹೆಚ್ಚುಕಡಿಮೆ ಅದೇ ಬಣ್ಣದ್ದು.

ಹಬ್ಬದ ಮನೆಗೆ ಬೂದಿ ಬಣ್ಣ ಅಪಶಕುನ ಎಂಬ ಅತ್ತೆಯವರ ಮಾತಿಗೆ ವಾದ ಬೇಡ. ಚೆಂಡುಹೂವಿನ ಮಾಲೆಯೊಂದನ್ನು ಆ ಗೋಡೆಗೆ ಹಿಡಿದು ತೋರಿಸಿದರಾಯಿತು.

ನಿಜವಾಗಿ ಗಟ್ಟಿಯಾದ ಆಕ್ಷೇಪ ಮುಂದಿನದು: ಪಾಚಿಯ ಬಣ್ಣವನ್ನು ದುಡ್ಡು ಕೊಟ್ಟು ಏಕೆ ಬಳಿಸಬೇಕು? 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಬಿದ್ದು ಮಿಠಿ ನದಿ ಉಕ್ಕಿ ಮನೆಮನೆಗೆ ನುಗ್ಗಿದ್ದನ್ನು ಕಂಡ ಊರಿದು. ಪ್ರತಿ ಮಳೆಗಾಲವೂ ಲೀಕೇಜ್ ಗೋಡೆಗಳಲ್ಲಿ ಬೂಷ್ಟು ಹಿಡಿಯುತ್ತದೆ. ಬಿಳಿಯ ಮೇಲೆ ತೇವದ ಕಲೆ ಬೇಗ ಕಣ್ಣಿಗೆ ಬೀಳುತ್ತದೆ, ಬೂದುಹಸಿರಿನ ಮೇಲೆ ತಡವಾಗಿ. ಇಲ್ಲಿ ನಾವು ಸೋಲೊಪ್ಪಿ ಪಕ್ಷವನ್ನು ಕಿರಿದು ಮಾಡಿಕೊಳ್ಳುತ್ತೇವೆ: ನೀರು ಒಸರುವ ಗೋಡೆಗೆ ಈ ಬಣ್ಣ ನಿಷಿದ್ಧ. ಮೊದಲು ಹೊರಗಿನ ಬಿರುಕು, ಮೇಲಿನ ಮನೆಯವರ ಬಾತ್‌ರೂಮಿನ ಪೈಪು ರಿಪೇರಿಯಾಗಲಿ. ಗೋಡೆ ಒಂದು ಮಳೆಗಾಲ ಬಿಳಿಯಲ್ಲೇ ಒಣಗಿದ್ದು ಖಾತ್ರಿಯಾದ ಮೇಲೆ ಮುಂದಿನ ಮಾತು.

ಅಂಗಡಿಯಲ್ಲಿ ಕಂಡ ಬಣ್ಣ ಮನೆಯಲ್ಲಿ ಬರುವುದಿಲ್ಲ, ಆದ್ದರಿಂದ ಇದನ್ನು ನಂಬಲಾಗದು ಎಂಬುದೂ ಉಂಟು. ಇದು ಆಕ್ಷೇಪವಲ್ಲ, ನಮ್ಮ ಪಕ್ಷಕ್ಕೇ ಸಾಕ್ಷಿ. 6500 ಕೆಲ್ವಿನ್‌ನ ಬಿಳಿ ಎಲ್ಇಡಿ ಕೆಳಗೆ ಇದು ನೀಲಿಯತ್ತ ಸರಿಯುತ್ತದೆ, 3000ದ ಹಳದಿ ದೀಪದಡಿ ಖಾಕಿಯತ್ತ. ಆದ್ದರಿಂದ ಚಿಕ್ಕ ಸ್ಯಾಂಪಲ್ ಡಬ್ಬಿ ತಂದು, ದೊಡ್ಡ ಬಿಳಿ ರಟ್ಟಿಗೆ ಎರಡು ಕೋಟ್ ಹೊಡೆದು, ಪೂರ್ತಿ ಒಣಗಿದ ಮೇಲೆ ಬೇರೆಬೇರೆ ಗೋಡೆಗೆ ಆನಿಸಿ ಹಗಲೂ ರಾತ್ರಿಯೂ ನೋಡಬೇಕು. ಕುರ್ಲಾದವರು ರಾತ್ರಿಯ ತೀರ್ಪಿಗೆ ಹೆಚ್ಚು ಬೆಲೆ ಕೊಡಬೇಕು. ಹಗಲಿಡೀ ಕೆಲಸದಲ್ಲಿದ್ದು ಲೋಕಲ್ ಹಿಡಿದು ಬರುವವರು ಗೋಡೆಯನ್ನು ನೋಡುವುದು ದೀಪದಲ್ಲೇ.

ಬಾಡಿಗೆ ಮನೆ, ಹನ್ನೊಂದು ತಿಂಗಳ ಕರಾರು ಎನ್ನುವವರು ಮಾಲೀಕರನ್ನು ಕೇಳಿ ಒಂದೇ ಗೋಡೆಗೆ ಹೊಡೆಸಲಿ. ಹಾಸಿಗೆಯ ಹಿಂದಿನದಾದರೆ ಉತ್ತಮ. ಶೇಡ್‌ನ ನಂಬರನ್ನು ಡಬ್ಬಿಯ ಮೇಲಿನಿಂದ ಬರೆದಿಟ್ಟುಕೊಳ್ಳಲಿ. ಕೆಲಸ ಮುಗಿಸಿದ ಪೇಂಟರ್ ಖಾಲಿ ಡಬ್ಬಿಯನ್ನು ಖಂಡಿತ ಒಯ್ಯುತ್ತಾನೆ.